ಗುಡುಗುತ್ತಿದ್ದ ವಾಷಿಂಗ್ ಮಷೀನ್‌ಗೆ ಎರಡು ಬೇರಿಂಗ್, ಒಂದು ಸೀಲ್

ಬಟ್ಟೆ ಹಿಂಡುವ ಹಂತ ಬಂತೆಂದರೆ ನಮ್ಮ ಫ್ರಂಟ್ ಲೋಡ್ ಮಷೀನ್ ಹಿಟ್ಟಿನ ಗಿರಣಿಯಂತೆ ಗುಡುಗುತ್ತಿತ್ತು. ರಿಪೇರಿಗೆ ಬಂದವರು ಎರಡು ನಿಮಿಷ ಕಿವಿಗೊಟ್ಟು, "ಟಬ್ ಪೂರ್ತಿ ಬದಲಾಯಿಸಬೇಕಮ್ಮಾ, ಎಂಟು ಸಾವಿರ ಆಗುತ್ತದೆ" ಎಂದು ಅಮ್ಮನಿಗೆ ಹೇಳಿ ಹೋದರು. ಒಂಬತ್ತು ವರ್ಷದ ಮಷೀನ್‌ಗೆ ಅಷ್ಟು ಸುರಿಯಲು ನನಗೆ ಮನಸ್ಸು ಬರಲಿಲ್ಲ.

ಸದ್ದು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಸ್ಪ್ಯಾನರ್ ಹಿಡಿಯಬಾರದು. ನೀರು ಹೊರಹೋಗುವಾಗ ಮಾತ್ರ ಕಟಕಟ ಎಂದರೆ ಪಂಪ್ ಫಿಲ್ಟರ್ ನೋಡಬೇಕು. ನಮ್ಮದರಲ್ಲಿ ಎರಡು ರೂಪಾಯಿ ನಾಣ್ಯವೂ ಶರ್ಟ್ ಗುಂಡಿಯೂ ಸಿಕ್ಕವು, ಆದರೆ ಗುಡುಗು ನಿಲ್ಲಲಿಲ್ಲ. ಇಡೀ ಮಷೀನ್ ಕುಣಿದರೆ ಕಾಲುಗಳ ಮಟ್ಟ ತಪ್ಪಿರಬಹುದು, ಇಲ್ಲವೇ ಶಾಕ್ ಅಬ್ಸಾರ್ಬರ್ ಸೋತಿರಬಹುದು. ನಮ್ಮದು ಇದ್ದಲ್ಲೇ ಇತ್ತು. ವೇಗ ಏರಿದಂತೆ ಗುಡುಗು ಮಾತ್ರ ಏರುತ್ತಿತ್ತು.

ಪ್ಲಗ್ ಕಿತ್ತು, ಬಾಗಿಲು ತೆರೆದು ಡ್ರಮ್ಮನ್ನು ಕೈಯಲ್ಲಿ ತಿರುಗಿಸಿದೆ. ಒಳಗೆ ಮರಳು ಅರೆದಂತೆ ಗರಗರ. ಬಾಯಿಯ ಮೇಲಂಚು ಹಿಡಿದು ಎತ್ತಿದಾಗ ಹೊರಗಿನ ಟಬ್ ಅಲುಗದೆ ಡ್ರಮ್ ಮಾತ್ರ ಕಟಕ್ಕೆಂದು ಮೇಲೆದ್ದಿತು. ಹಿಂದಿನ ತಗಡು ಬಿಚ್ಚಿ ಬೆಲ್ಟ್ ಕಳಚಿದೆ. ಮೋಟರ್ ನಯವಾಗಿ ತಿರುಗಿತು. ಬೆಲ್ಟ್ ಸುತ್ತುವ ದೊಡ್ಡ ಚಕ್ರದ, ಅಂದರೆ ಪುಲ್ಲಿಯ, ನಡುವಿನಿಂದ ಕೆಳಗಿನವರೆಗೆ ತುಕ್ಕುನೀರು ಇಳಿದ ಕಂದು ಗೆರೆ ಕಂಡಿತು. ಅಲ್ಲಿಗೆ ಕೆಟ್ಟಿರುವುದು ಬೇರಿಂಗ್ ಎಂಬುದರಲ್ಲಿ ಅನುಮಾನ ಉಳಿಯಲಿಲ್ಲ.

ಬೇರಿಂಗ್ ಎಂದರೆ ನಡುವೆ ಉಕ್ಕಿನ ಗುಂಡುಗಳಿರುವ ಒಳಬಳೆ, ಹೊರಬಳೆಗಳ ಜೋಡಿ. ಡ್ರಮ್ಮಿನ ಶಾಫ್ಟ್, ಅಂದರೆ ಅದರ ನಡುದಂಡ, ಎರಡು ಬೇರಿಂಗ್‌ಗಳ ಮೇಲೆ ತಿರುಗುತ್ತದೆ. ಸೋಪಿನ ನೀರು ಅವುಗಳವರೆಗೆ ಹೋಗದಂತೆ ತಡೆಯುವುದು ಒಂದು ರಬ್ಬರ್ ಸೀಲ್. ಅದರ ತುಟಿ ಸವೆದರೆ ನೀರು ಒಳನುಗ್ಗಿ ಗ್ರೀಸ್ ತೊಳೆದುಹೋಗುತ್ತದೆ, ಗುಂಡುಗಳು ತುಕ್ಕು ಹಿಡಿಯುತ್ತವೆ. ಹಳೆಯ ಸೀಲನ್ನೇ ಉಳಿಸಿಕೊಂಡು ಬೇರಿಂಗ್ ಮಾತ್ರ ಬದಲಿಸಿದರೆ ದುಡಿದದ್ದೆಲ್ಲ ದಂಡ.

ಕೆಲವು ಮಷೀನ್‌ಗಳಲ್ಲಿ ಟಬ್ಬಿನ ಎರಡು ಹೋಳುಗಳನ್ನು ಬಿಸಿಯಲ್ಲಿ ಬೆಸೆದಿರುತ್ತಾರೆ. ಅಂಥದ್ದಾಗಿದ್ದರೆ ನಾನು ಕೈಹಾಕುತ್ತಿರಲಿಲ್ಲ. ನಮ್ಮದರ ಸುತ್ತ ಸ್ಕ್ರೂಗಳಿದ್ದವು. ಪ್ರತಿ ವೈರಿನ ಫೋಟೊ ತೆಗೆದುಕೊಂಡು, ಅಲುಗಾಟ ತಡೆಯಲು ಟಬ್ಬಿಗೆ ಬಿಗಿದ ಕಾಂಕ್ರೀಟಿನ ಭಾರಗಳನ್ನು ಮೊದಲೇ ಕಳಚಿ, ಟಬ್ ಹೊರತೆಗೆಯುವಷ್ಟರಲ್ಲಿ ಅರ್ಧ ದಿನ ಕಳೆಯಿತು. ಶಾಫ್ಟನ್ನು ಹೊಡೆದು ಹೊರಡಿಸುವಾಗ ಪುಲ್ಲಿಯ ಬೋಲ್ಟನ್ನು ಮತ್ತೆ ಕೆಲವು ಸುತ್ತು ತಿರುಗಿಸಿಟ್ಟು, ಅದರ ಮೇಲೆ ಮರದ ತುಂಡು ಇಟ್ಟೇ ಹೊಡೆದೆ. ನೇರವಾಗಿ ಹೊಡೆದರೆ ಶಾಫ್ಟಿನ ತುದಿ ಜಜ್ಜಿಹೋಗುತ್ತದೆ.

ಡ್ರಮ್ಮಿನ ಬೆನ್ನಿಗಿರುವ ಮೂರು ತೋಳಿನ ಅಲ್ಯೂಮಿನಿಯಂ ಚೌಕಟ್ಟನ್ನು ಹಣ ಖರ್ಚು ಮಾಡುವ ಮೊದಲೇ ನೋಡಬೇಕು. ಅದು ಬಿರುಕು ಬಿಟ್ಟಿದ್ದರೆ ಮುಂದಿನ ಕೆಲಸಕ್ಕೆ ಅರ್ಥವಿಲ್ಲ. ನಮ್ಮದಕ್ಕೆ ಬಿಳಿ ಪುಡಿಯೂ ಸೋಪಿನ ಲೋಳೆಯೂ ಅಂಟಿತ್ತು, ಕೆರೆದಾಗ ಕೆಳಗೆ ಲೋಹ ಗಟ್ಟಿಯಾಗಿತ್ತು.

ಬೇರಿಂಗ್‌ಗಳ ಮೇಲೆ 6205, 6206 ಎಂದಿತ್ತು. ಮಷೀನಿನ ಬಿಡಿಭಾಗ ಎಂದು ಕೇಳಬೇಕಿಲ್ಲ, ಈ ಅಳತೆಗಳು ಎಲ್ಲ ಬೇರಿಂಗ್ ಅಂಗಡಿಗಳಲ್ಲೂ ಇರುತ್ತವೆ. ಹಳೆಯವನ್ನು ಚೀಲದಲ್ಲಿ ಹಾಕಿಕೊಂಡು ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಗೆ ಹೋದೆ. "ಎರಡೂ ಕಡೆ ರಬ್ಬರ್ ಮುಚ್ಚಳ ಇರುವುದನ್ನೇ ತೆಗೆದುಕೊಳ್ಳಿ ಸರ್, ನೀರಿನ ಜಾಗ" ಎಂದರು ಅಂಗಡಿಯವರು. ಸೀಲಿನ ಅಳತೆ ಅದರ ಮುಖದ ಮೇಲೆಯೇ ಅಚ್ಚಾಗಿತ್ತು. ನೀರು ತಡೆಯುವ ಗ್ರೀಸ್ ಸೇರಿ 1,140 ರೂಪಾಯಿ ಆಯಿತು.

ಹೊಸ ಬೇರಿಂಗ್‌ಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರಿನಲ್ಲಿಟ್ಟೆ. ತಣ್ಣಗಾದರೆ ಲೋಹ ಕೂದಲೆಳೆಯಷ್ಟು ಕುಗ್ಗುತ್ತದೆ, ಗೂಡಿಗೆ ಇಳಿಸುವುದು ಸುಲಭ. ಹೊಡೆತ ಹೊರಗಿನ ಬಳೆಗೆ ಮಾತ್ರ ಬೀಳಬೇಕು. ಒಳಬಳೆಗೆ ಬಿದ್ದರೆ ಹೊಸ ಬೇರಿಂಗ್ ಅಲ್ಲೇ ಕೆಡುತ್ತದೆ. ಅದಕ್ಕೆ ಅದೇ ಅಳತೆಯ ಹಳೆಯ ಬೇರಿಂಗನ್ನು ಮೇಲಿಟ್ಟು, ಸುತ್ತಲೂ ಸಮನಾಗಿ ಬಡಿಯುತ್ತ ಹೋದೆ. ಮೊದಮೊದಲು ದಬ್ ದಬ್ ಎನ್ನುತ್ತಿದ್ದ ಸದ್ದು ಒಂದು ಹೊಡೆತಕ್ಕೆ ಥಟ್ಟನೆ ಕಣ್ ಎಂದು ಬದಲಾಯಿತು. ಬೇರಿಂಗ್ ತಳಕ್ಕೆ ಕೂತಿತ್ತು. ಆ ದನಿ ಬದಲಾದ ಮೇಲೆ ಒಂದು ಏಟೂ ಹಾಕಬಾರದು.

ಶಾಫ್ಟಿನಲ್ಲಿ ಸೀಲ್ ಉಜ್ಜುವ ಜಾಗ ಒರಟಾಗಿತ್ತು. ಹಾಗೆಯೇ ಬಿಟ್ಟಿದ್ದರೆ ಹೊಸ ಸೀಲಿನ ತುಟಿಯೂ ಹರಿಯುತ್ತಿತ್ತು. ಬಹಳ ನಯವಾದ ಎಮರಿ ಕಾಗದದಿಂದ ಉಗುರಿಗೆ ತಗುಲದಂತೆ ಉಜ್ಜಿ, ಗ್ರೀಸ್ ಸವರಿ ಜೋಡಿಸಿದೆ.

ಮೊದಲು ಬಟ್ಟೆಯಿಲ್ಲದೆ ಓಡಿಸಿದಾಗ ಟಬ್ಬಿನ ಕೂಡುಗೆರೆಯಲ್ಲಿ ಹನಿ ಜಿನುಗಿತು. ನೀರು ಬಸಿದು, ಸ್ಕ್ರೂಗಳನ್ನು ಎದುರುಬದುರಾಗಿ ಬಿಗಿಗೊಳಿಸಿದ ಮೇಲೆ ನಿಂತಿತು. ಎಂಟು ತಿಂಗಳಾಗಿದೆ. ತಿಂಗಳಿಗೊಮ್ಮೆ ಹಿಂದಿನ ತಗಡು ಬಿಚ್ಚಿ ಪುಲ್ಲಿಯ ಕೆಳಗೆ ಟಾರ್ಚ್ ಹಾಕಿ ನೋಡುತ್ತೇನೆ. ಕಂದು ಗೆರೆ ಮತ್ತೆ ಮೂಡಿಲ್ಲ.