ಬಲೆ ಕತ್ತರಿಸುವ ಮೊದಲು ಕೇಳಬೇಕಿತ್ತು

ತುಂಗಭದ್ರೆಯಲ್ಲಿ ಬಿಟ್ಟುಹೋದ ಹಳೇ ಮೀನು ಬಲೆ ತೆಗೆಯಲು ಶುರುಮಾಡಿದ ಮೊದಲ ವರ್ಷ ನಾವು ದೊಡ್ಡ ತಪ್ಪು ಮಾಡಿದೆವು. ಆನೆಗೊಂದಿ ಹತ್ತಿರ ಬಂಡೆಗೆ ಸಿಕ್ಕಿಕೊಂಡಿದ್ದ ಬಲೆಯೊಂದನ್ನು ಯಾರೋ ಬಿಟ್ಟುಹೋದದ್ದು ಅಂದುಕೊಂಡು ಕತ್ತರಿಸಿಬಿಟ್ಟೆವು. ಸಂಜೆ ಹರಿಗೋಲಿನಲ್ಲಿ ಒಬ್ಬ ಅಜ್ಜ ಬಂದರು. ಆ ಬಲೆ ಅವರದು. "ನೀರುನಾಯಿ ಬಲಿ ಹರೀತಾವಂತ ಬೈಕೋಂತಿದ್ವಿ. ಈಗ ನೀವೂ ಹರಿದ್ರೇನ್ ತಮ್ಮಾ?" ಅಂದರು. ನಾವು ನಾಲ್ವರೂ ತಲೆ ತಗ್ಗಿಸಿ ನಿಂತೆವು. ಮರುದಿನ ದುಡ್ಡು ಕೂಡಿಸಿ ಹೊಸ ಬಲೆ ಕೊಡಿಸಿದೆವು.

ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ತುಂಗಭದ್ರೆಯನ್ನು 2015ರಲ್ಲಿ ಸರ್ಕಾರ ನೀರುನಾಯಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು. ಗಂಗಾವತಿಯ ನಾವು ಕೆಲವು ಗೆಳೆಯರು ಬೇಸಿಗೆಯಲ್ಲಿ, ನೀರು ಇಳಿದು ಬಂಡೆಗಳು ಕಾಣುವಾಗ, ಅಲ್ಲಿ ಹಳೇ ಬಲೆ ತೆಗೆಯುತ್ತೇವೆ. ನೀರುನಾಯಿ ಎಷ್ಟೇ ಚೆನ್ನಾಗಿ ಈಜಿದರೂ ಉಸಿರಿಗೆ ಮೇಲೆ ಬರಲೇಬೇಕು. ಬಲೆಗೆ ಸಿಕ್ಕರೆ ಮುಳುಗಿಯೇ ಸಾಯುತ್ತದೆ. ನೈಲಾನ್ ಬಲೆ ಕೊಳೆಯುವುದೂ ಇಲ್ಲ. ಮಾಲೀಕ ಮರೆತ ಮೇಲೂ ಅದು ಹಿಡಿಯುತ್ತಲೇ ಇರುತ್ತದೆ.

ಆ ಅಜ್ಜನ ಮಾತಿನ ನಂತರ ನಮ್ಮ ಕೆಲಸದ ರೀತಿಯೇ ಬದಲಾಯಿತು. ಈಗ ಮೊದಲು ವಲಯ ಅರಣ್ಯ ಕಚೇರಿಗೆ ಪತ್ರ ಕೊಟ್ಟು ಅನುಮತಿ ಪಡೆಯುತ್ತೇವೆ. ಜೊತೆಗೆ ಒಬ್ಬ ಗಾರ್ಡ್ ಇರುತ್ತಾರೆ. ಹರಿಗೋಲು ಮೀನುಗಾರರದೇ, ಅವರ ದಿನದ ಕೂಲಿ ನಾವು ಕೊಡುತ್ತೇವೆ. ಯಾವ ಬಲೆ ಸತ್ತಿದೆ, ಯಾವುದು ಬದುಕಿದೆ ಅಂತ ಹೇಳುವವರು ಅವರೇ. ಅವರು ಹೇಳದೆ ಒಂದು ಎಳೆಯನ್ನೂ ನಾವು ಮುಟ್ಟುವುದಿಲ್ಲ. ಮರಳಿನ ಮೇಲೆ ಮೀನಿನ ಪೊರೆ, ಮುಳ್ಳು ತುಂಬಿದ ಹಸಿ ಹಿಕ್ಕೆ ಕಂಡರೆ ನೀರುನಾಯಿ ಹತ್ತಿರದಲ್ಲೇ ಇದೆ ಅಂತ ಅರ್ಥ. ಆಗ ಸದ್ದು ಮಾಡದೆ ಆ ಜಾಗ ಬಿಟ್ಟು ಮುಂದೆ ಹೋಗುತ್ತೇವೆ. ಇದನ್ನು ಕಲಿಸಿದವರೂ ಅವರೇ.

ರಾಷ್ಟ್ರೀಯ ಉದ್ಯಾನದ ಹಾಗೆ ಊರವರನ್ನು ಹೊರಗಿಟ್ಟು ಕಾಯುವ ಜಾಗ ಇದಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 36ಬಿ ಕಲಂ ಪ್ರಕಾರ ಇಂಥ ಪ್ರದೇಶದ ಸಮಿತಿಯಲ್ಲಿ ಆಯಾ ಗ್ರಾಮ ಪಂಚಾಯಿತಿಯಿಂದ ಒಬ್ಬೊಬ್ಬರು, ವನ್ಯಜೀವಿಗಳಿಗಾಗಿ ದುಡಿಯುವ ಸಂಸ್ಥೆಗಳಿಂದ ಮೂವರು ಇರಬೇಕು. ಕೃಷಿ, ಪಶುಸಂಗೋಪನೆ ಇಲಾಖೆಗಳಿಗೂ ಅಲ್ಲಿ ಜಾಗವಿದೆ. ಮೀನುಗಾರರಿಗೆ ಅಂತ ಬೇರೆ ಕುರ್ಚಿ ಮಾತ್ರ ಇಲ್ಲ. ಹೊಳೆಯನ್ನು ಎಲ್ಲರಿಗಿಂತ ಜಾಸ್ತಿ ಬಲ್ಲವರು ಅವರೇ ಅಲ್ವಾ? ಪಂಚಾಯಿತಿ ಅವರಲ್ಲೇ ಒಬ್ಬರನ್ನು ಕಳಿಸಬೇಕು ಅಂತ ನಾನು ಸಿಕ್ಕ ಸಭೆಯಲ್ಲೆಲ್ಲ ಕೇಳುತ್ತೇನೆ.

ಅಣೆಕಟ್ಟಿನಿಂದ ನೀರು ಬಿಟ್ಟಾಗ ಎಲ್ಲಿಂದಲೋ ಹರಿದ ಬಲೆಗಳು ತೇಲಿಬಂದು ಮತ್ತೆ ಬಂಡೆಗೆ ಸುತ್ತಿಕೊಳ್ಳುತ್ತವೆ. ಹೋದ ವರ್ಷದಿಂದ ಅಜ್ಜ ತಾವಾಗಿಯೇ ಫೋನ್ ಮಾಡುತ್ತಾರೆ. ಯಾವ ಬಂಡೆ, ಎಷ್ಟು ಆಳ ಅಂತ ಹೇಳುತ್ತಾರೆ. ನಾನು ಬರೆದಿಟ್ಟುಕೊಳ್ಳುತ್ತೇನೆ.