ಹಾಸ್ಟೆಲ್‌ಗೆ ಹೊಸ ಮಕ್ಕಳು ಬಂದಾಗ ಲಸಿಕೆ ಲೆಕ್ಕ ಹಿಡಿಯೋದು ಹೇಗೆ

ನಾನು ದಾವಣಗೆರೆಯಲ್ಲಿ ಹುಡುಗಿಯರ ಹಾಸ್ಟೆಲ್ ವಾರ್ಡನ್. 120 ಮಕ್ಕಳು, ಕೋಣೆಗೆ ನಾಲ್ಕು ಮಂಚ. ಎರಡು ವರ್ಷದ ಹಿಂದೆ ಒಬ್ಬಳಿಗೆ ಮೈಮೇಲೆ ಅಮ್ಮ, ಅಂದರೆ ಚಿಕನ್‌ಪಾಕ್ಸ್, ಎದ್ದಿತು. ಗಾಬರಿಯಲ್ಲಿ ಸಂಜೆಯ ಬಸ್ಸಿಗೆ ಹತ್ತಿಸಿ ಊರಿಗೆ ಕಳಿಸಿಬಿಟ್ಟೆ. ಅದು ನನ್ನ ತಪ್ಪು. ತುಂಬಿದ ಬಸ್ಸಿನಲ್ಲಿ ಬಸುರಿಯರು, ಹಸುಗೂಸುಗಳು ಇರುತ್ತಾರೆ. ಎರಡು ವಾರ ಕಳೆಯುವುದರೊಳಗೆ ಪಕ್ಕದ ಕೋಣೆಗಳಲ್ಲಿ ಮತ್ತೆ ಮೂವರು ಮಲಗಿದರು, ಅದೂ ಪರೀಕ್ಷೆ ಹೊತ್ತಿಗೆ. ಅಂದಿನಿಂದ ಲಸಿಕೆಗೇ ಒಂದು ರಿಜಿಸ್ಟರ್ ಇಟ್ಟಿದ್ದೇನೆ.

ಅಡ್ಮಿಶನ್ ದಿನವೇ ತಾಯಿ ಕಾರ್ಡಿನ ಫೋಟೋ ಕೇಳಿ. "ಎಲ್ಲಾ ಹಾಕ್ಸಿದೀವಿ ಮೇಡಂ" ಅಂದರೆ ಅಲ್ಲಿಗೆ ಬಿಡಬೇಡಿ. ಹುಡುಗಿಗೆ ನೆನಪಿರಲ್ಲ, ಅವಳ ತಾಯಿಗೆ ಫೋನ್ ಮಾಡಿ. "ಚಿಕನ್‌ಪಾಕ್ಸ್ ಆಗಿತ್ತಾ?" ಅಂದರೆ ಎಷ್ಟೋ ಜನಕ್ಕೆ ಅರ್ಥವಾಗಲ್ಲ. "ಚಿಕ್ಕವಳಿದ್ದಾಗ ಅಮ್ಮ ಬಂದಿತ್ತಾ?" ಅಂತ ಕೇಳಿ, ತಿಂಗಳು ಸಮೇತ ಹೇಳುತ್ತಾರೆ.

ಒಂದು ಮಾತು ಇಲ್ಲಿ ಬಹಳ ಜನ ತಪ್ಪು ತಿಳಿಯುತ್ತಾರೆ. 2017ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದ ಶಾಲೆಗಳಲ್ಲಿ ಮಕ್ಕಳಿಗೆ ಎಂಆರ್ ಚುಚ್ಚುಮದ್ದು ಹಾಕಿದರು, ನೆನಪಿದೆ ಅಲ್ವಾ? ಈಗಿನ ಡಿಗ್ರಿ ಮಕ್ಕಳು ಆಗ ಸಣ್ಣ ಶಾಲೆಯಲ್ಲಿದ್ದರು. ಅದು ದಡಾರ, ರುಬೆಲ್ಲಾಗೆ ಮಾತ್ರ. ಮಂಗನಬಾವಿಗೂ ಅಲ್ಲ, ಅಮ್ಮಕ್ಕೂ ಅಲ್ಲ. ಈ ಎರಡರ ಲಸಿಕೆ ಸರ್ಕಾರಿ ಪಟ್ಟಿಯಲ್ಲಿಲ್ಲ, ದುಡ್ಡು ಕೊಟ್ಟು ಹಾಕಿಸಬೇಕು. ಮಂಗನಬಾವಿಗೆ ಎಂಎಂಆರ್ ಎರಡು ಡೋಸ್, ನಡುವೆ ಕನಿಷ್ಠ 28 ದಿನ. ಅಮ್ಮಕ್ಕೂ ಎರಡು ಡೋಸ್, ಈ ವಯಸ್ಸಿನವರಿಗೆ ನಾಲ್ಕರಿಂದ ಎಂಟು ವಾರದ ಅಂತರ. ಗರ್ಭಿಣಿಯರಿಗೆ ಇವೆರಡೂ ಕೂಡದು. ಮದುವೆಯಾದ ವಿದ್ಯಾರ್ಥಿನಿಯರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿ.

ನರ್ಸಿಂಗ್ ಮಕ್ಕಳಿಗೆ ಹೆಪಟೈಟಿಸ್ ಬಿ (ರಕ್ತದಿಂದ ಹರಡುವ ಲಿವರ್ ಕಾಯಿಲೆ) ಲಸಿಕೆ ಬಿಡಲೇಬಾರದು. ಮೊದಲ ದಿನ, ಒಂದು ತಿಂಗಳಿಗೆ, ಆರು ತಿಂಗಳಿಗೆ, ಹೀಗೆ ಮೂರು ಡೋಸ್. ಸೇರಿದ ವಾರವೇ ಶುರು ಮಾಡಿಸಿ. ವಾರ್ಡ್ ಪೋಸ್ಟಿಂಗ್ ಬಂದ ಮೇಲೆ ಓಡಾಡಿದರೆ ತಡವಾಗುತ್ತದೆ. ಮೂರನೇ ಡೋಸ್ ಮರೆಯುವವರೇ ಜಾಸ್ತಿ. ಅದಕ್ಕೆ ನಾನು ತಾರೀಖನ್ನು ಮೆಸ್ಸಿನ ಬಾಗಿಲಿಗೆ ಅಂಟಿಸುತ್ತೇನೆ. ಟೈಫಾಯಿಡ್ ಲಸಿಕೆ ಒಂದೇ ಡೋಸ್, ಹೊರಗಡೆ ತಿನ್ನುವ ಮಕ್ಕಳಿಗೆ ಒಳ್ಳೆಯದು. ಆದರೆ ಅದನ್ನು ನಂಬಿಕೊಂಡು ಕುಡಿಯುವ ನೀರಿನ ಟ್ಯಾಂಕ್ ತೊಳೆಸೋದನ್ನು ಬಿಡಬೇಡಿ.

ಇಷ್ಟಾದರೂ ಅಮ್ಮ ಬಂದರೆ? ಒಂದು ಕೋಣೆ ಸದಾ ಖಾಲಿ ಇಟ್ಟುಕೊಳ್ಳಿ. ಕಿಟಕಿ ಇರಲಿ, ಬಚ್ಚಲು ಬೇರೆ ಇರಲಿ. ಊಟ ಕೊಡೋಕೆ ಮೊದಲೇ ಅಮ್ಮ ಬಂದುಹೋದವರನ್ನೇ ಕಳಿಸಿ. ರಿಜಿಸ್ಟರ್ ಆಗ ಕೈಹಿಡಿಯುತ್ತದೆ. ಮನೆಯವರು ತಲೆದಿಂಬಿನ ಹತ್ತಿರ ಬೇವಿನ ಸೊಪ್ಪು ಇಡಿ ಅಂದರೆ ಇಡಿ, ಅದರಿಂದ ಅವಳಿಗೂ ಧೈರ್ಯ. ಆದರೆ ಅವತ್ತೇ ಡಾಕ್ಟರಿಗೆ ತೋರಿಸಿ. ದೊಡ್ಡವರಿಗೆ ಈ ಕಾಯಿಲೆ ಚಿಕ್ಕ ಮಕ್ಕಳಿಗಿಂತ ಜೋರು. ಗುಳ್ಳೆ ಎದ್ದ 24 ಗಂಟೆಯೊಳಗೆ ಮಾತ್ರೆ ಶುರುವಾದರೆ ಗುಣ ಹೆಚ್ಚು. ಜ್ವರಕ್ಕೆ ಆಸ್ಪಿರಿನ್ ಮಾತ್ರ ಕೊಡಲೇಬೇಡಿ.

ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅದು ಹರಡಲು ಶುರುವಾಗಿರುತ್ತದೆ. ಹಾಗಾಗಿ ಜೊತೆಗೆ ಮಲಗಿದ್ದವರಲ್ಲಿ ಲಸಿಕೆ ಇಲ್ಲದವರಿಗೆ ಮೂರು ದಿನದೊಳಗೆ, ತಪ್ಪಿದರೆ ಐದು ದಿನದೊಳಗೆ, ಲಸಿಕೆ ಹಾಕಿಸಿ. ಅವರ ಮೇಲೆ 21 ದಿನ ಕಣ್ಣಿಡಿ. ಕಾಯಿಲೆಯವಳನ್ನು ಕ್ಲಾಸಿಗೆ ಕಳಿಸೋದು ಕೊನೆಯ ಗುಳ್ಳೆಯೂ ಒಣಗಿ ಹಕ್ಕಳೆ ಕಟ್ಟಿದ ಮೇಲೆ. ಬೆನ್ನು, ಕೂದಲಿನ ಬುಡ ನೀವೇ ನೋಡಿ, ಅಲ್ಲಿಯದು ಅವಳಿಗೆ ಕಾಣಲ್ಲ. ಅಷ್ಟರವರೆಗೆ ಹಾಜರಾತಿ ಕತ್ತರಿಸಬಾರದು ಅಂತ ಪ್ರಿನ್ಸಿಪಾಲರ ಹತ್ತಿರ ಮೊದಲೇ ಬರೆಸಿಟ್ಟುಕೊಳ್ಳಿ. ಹಾಜರಾತಿಯ ಭಯಕ್ಕೇ ಮಕ್ಕಳು ಗುಳ್ಳೆಯನ್ನು ತುಂಬುತೋಳಿನಲ್ಲಿ ಮುಚ್ಚಿಕೊಂಡು ಕ್ಲಾಸಿಗೆ ಹೋಗಿಬಿಡುತ್ತಾರೆ.