ಕನ್ಸೆಂಟ್ ಓದ್ದೇ ಒಪ್ಪಬೇಡಿ: ಆಭಾ ಖಾತೆ ಸರಿಯಾಗಿ ಮಾಡ್ಕೊಂಡು ಬಳಸೋದು ಹೇಗೆ

ನಮ್ಮ ಚಿಕ್ಕಮ್ಮನ ಆಭಾ ನಂಬರ್ (ಸರ್ಕಾರದ ಡಿಜಿಟಲ್ ಹೆಲ್ತ್ ಖಾತೆದು) ಎರಡು ವರ್ಷದ ಹಿಂದೆ ಸೈಬರ್ ಸೆಂಟರಲ್ಲಿ ಮಾಡ್ಸಿದ್ದು, ಮೊನ್ನೆ ಅವರ ಶುಗರ್ ರಿಪೋರ್ಟ್ ತೆಗೆಯೋಣ ಅಂತ ಕೂತ್ರೆ ಓಟಿಪಿ ಹೋಗ್ತಿರೋದು ಆ ಸೆಂಟರ್ ಹುಡುಗನ ಮೊಬೈಲ್‌ಗೆ! ಬೇಗ ಆಗ್ಲಿ ಅಂತ ತನ್ನ ನಂಬರ್ ಹಾಕ್ಬಿಟ್ಟಿದ್ದ. ಇಂಥದ್ದನ್ನ ನಮ್ಮ ಬೀದೀಲೇ ನಾಲ್ಕೈದು ಮನೇಲಿ ನೋಡಿದೀನಿ, ಅದಕ್ಕೇ ಬರೀತಿರೋದು.

ಮೊದ್ಲು ಒಂದು ಗೊಂದಲ ಬಗೆಹರಿಸ್ಕೊಳ್ಳಿ. 5 ಲಕ್ಷದವರೆಗೆ ಚಿಕಿತ್ಸೆ ಸಿಗೋ ಆಯುಷ್ಮಾನ್ ಕಾರ್ಡ್ ಬೇರೆ, ಇದು ಬೇರೆ. ಆಭಾ ಅನ್ನೋದು ಬೇರೆ ಬೇರೆ ಆಸ್ಪತ್ರೆಲಿರೋ ನಿಮ್ಮ ದಾಖಲೆಗಳನ್ನ ಜೋಡಿಸೋ 14 ಅಂಕಿಯ ಹೆಲ್ತ್ ಅಕೌಂಟ್ ನಂಬರ್, 2021ರ ಸೆಪ್ಟೆಂಬರ್ 27ರಂದು ದೇಶಾದ್ಯಂತ ಶುರುವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ದು. ನಿಮ್ಮ ರಿಪೋರ್ಟ್‌ಗಳೆಲ್ಲ ಸರ್ಕಾರದ ಒಂದೇ ಕಂಪ್ಯೂಟರಿಗೆ ಹೋಗಿ ಬೀಳಲ್ಲ, ಆಯಾ ಆಸ್ಪತ್ರೆ, ಲ್ಯಾಬ್ ಹತ್ರಾನೇ ಇರುತ್ತೆ, ನೀವು ಹೂಂ ಅಂದ್ರೆ ಮಾತ್ರ ಇನ್ನೊಂದು ಕಡೆಗೆ ಹೋಗುತ್ತೆ. ಆ ಹೂಂ ಅನ್ನೋದನ್ನೇ ಜನ ಕಣ್ಮುಚ್ಕೊಂಡು ಅಂತಿರೋದು.

ಹಂತ 1: ಆಭಾ ಆ್ಯಪ್ ಹಾಕ್ಕೊಳ್ಳಿ, ಮಾಡಿದ್ದು ಕೇಂದ್ರ ಸರ್ಕಾರದ ನ್ಯಾಷನಲ್ ಹೆಲ್ತ್ ಅಥಾರಿಟಿ ಅಂತ ಇದ್ಯಾ ನೋಡಿ. ಆಧಾರ್ ಓಟಿಪಿಯಲ್ಲಿ ಖಾತೆ ಆಗುತ್ತೆ, ಪೂರ್ತಿ ಉಚಿತ. ಅದನ್ನ ಪಿವಿಸಿ ಕಾರ್ಡ್ ಮಾಡಿಸ್ಕೊಡ್ತೀವಿ ಅಂತ ದುಡ್ಡು ಕೇಳಿದ್ರೆ ಕೊಡ್ಬೇಡಿ, ಫೋನಲ್ಲಿರೋದೇ ಸಾಕು.

ಹಂತ 2: ಮಧ್ಯದಲ್ಲಿ ಮೊಬೈಲ್ ನಂಬರ್ ಕೇಳುತ್ತಲ್ಲ, ಅಲ್ಲಿ ನಿಮ್ಮದೇ ಹಾಕಿ. ಆಸ್ಪತ್ರೆ ಕೌಂಟರಲ್ಲೂ ಅದೇ ನಂಬರ್ ಕೊಡಿ, ಒಂದ್ಸಲ ಮಗಂದು ಒಂದ್ಸಲ ಸೊಸೆದು ಕೊಟ್ರೆ ಆಮೇಲೆ ಆ್ಯಪಲ್ಲಿ ಹುಡುಕಿದಾಗ ನಿಮ್ಮ ದಾಖಲೆ ಸಿಗೋದೇ ಇಲ್ಲ, ಯಾಕಂದ್ರೆ ಮೊಬೈಲ್, ಹೆಸರು, ಲಿಂಗ, ಹುಟ್ಟಿದ ವರ್ಷ ಇವನ್ನ ತಾಳೆ ನೋಡೇ ಅದು ಹುಡುಕೋದು. ಯುಪಿಐ ಐಡಿ ಥರ ಒಂದು ಆಭಾ ಅಡ್ರೆಸ್ಸೂ ಇರುತ್ತೆ, ಅದರಲ್ಲಿ ಹುಟ್ಟಿದ ವರ್ಷ, ಫೋನ್ ನಂಬರ್ ಸೇರಿಸ್ಲೇಬೇಡಿ.

ಹಂತ 3: ಎಡವೋದು ಇಲ್ಲಿ. ಹೊಸ ಡಾಕ್ಟರ್ ಹತ್ರ ಹೋದಾಗ ಅಥವಾ ಇನ್ಶೂರೆನ್ಸ್ ಕ್ಲೇಮ್ ಮಾಡ್ವಾಗ ಆ್ಯಪಿಗೆ ಒಂದು ಕನ್ಸೆಂಟ್ ರಿಕ್ವೆಸ್ಟ್, ಅಂದ್ರೆ ನಿಮ್ಮ ದಾಖಲೆ ನೋಡೋಕೆ ಅನುಮತಿ ಕೇಳೋದು, ಬರಬಹುದು. ಎದುರಿಗೆ ನಿಂತಿರೋ ಸಿಬ್ಬಂದಿ "ಓಕೆ ಕೊಡಿ ಅಮ್ಮ" ಅಂತಾರೆ, ಹಿಂದೆ ಕ್ಯೂ ಇರುತ್ತೆ, ನಾವು ಒತ್ತಿಬಿಡ್ತೀವಿ. ಒಂದು ನಿಮಿಷ ನಿಲ್ಲಿ, ಕ್ಯೂ ಕಾಯಲಿ, ಐದು ವಿಷಯ ನೋಡಿ. ಕೇಳ್ತಿರೋದು ಯಾರು, ನೀವು ಹೋಗಿರೋ ಆಸ್ಪತ್ರೆ ಹೆಸರೇ ಇದ್ಯಾ? ಉದ್ದೇಶ ಏನು, ಚಿಕಿತ್ಸೆಗಾ, ಬಿಲ್ ಪಾವತಿಗಾ, ಸಂಶೋಧನೆಗಾ? ಯಾವ ಥರದ ದಾಖಲೆ ಬೇಕಂತೆ, ಪ್ರಿಸ್ಕ್ರಿಪ್ಷನ್, ಲ್ಯಾಬ್ ರಿಪೋರ್ಟ್, ಡಿಸ್ಚಾರ್ಜ್ ಸಮ್ಮರಿ ಇವೆಲ್ಲ ಬೇರೆ ಬೇರೆ ಇರುತ್ತೆ. ಯಾವ ತಾರೀಕಿಂದ ಯಾವ ತಾರೀಕಿನವರೆಗಿನದು? ಮತ್ತೆ ಈ ಅನುಮತಿ ಮುಗಿಯೋದು ಯಾವಾಗ?

ಇದರಲ್ಲಿ ಕೊನೇ ಮೂರನ್ನ ನೀವು ಬದಲಾಯಿಸಬಹುದು ಅನ್ನೋದೇ ಬಹಳ ಜನಕ್ಕೆ ಗೊತ್ತಿಲ್ಲ. ಮಂಡಿ ನೋವಿಗೆ ಹೋದವರು ಹತ್ತು ವರ್ಷದ ಹಿಂದಿನ ಮಾನಸಿಕ ಚಿಕಿತ್ಸೆಯ ಚೀಟಿ, ಹೆರಿಗೆ ದಾಖಲೆ ಎಲ್ಲ ತೋರಿಸೋ ಅಗತ್ಯ ಏನಿದೆ? ಬೇಡದ್ದರ ಟಿಕ್ ತೆಗೀರಿ, ತಾರೀಕು ಕಮ್ಮಿ ಮಾಡಿ, ಆಮೇಲೆ ಒಪ್ಪಿ. ನಾನಂತೂ ಎಕ್ಸ್‌ಪೈರಿ ಒಂದು ವಾರಕ್ಕಿಂತ ಜಾಸ್ತಿ ಇಡೋದಿಲ್ಲ, ನೀವೂ ಇಡಬೇಡಿ, ಮತ್ತೆ ಬೇಕಾದ್ರೆ ಅವ್ರು ಮತ್ತೆ ಕೇಳ್ತಾರೆ. ಆದ್ರೆ ಅಲರ್ಜಿ, ಈಗ ತಗೊಳ್ತಿರೋ ಮಾತ್ರೆ, ಹಿಂದೆ ಆದ ಆಪರೇಷನ್ ಇವನ್ನ ಡಾಕ್ಟರಿಂದ ಮುಚ್ಚಿಡಬೇಡಿ, ಅದು ಜೀವದ ವಿಷಯ. ಗುರುತಿಲ್ಲದ ಕಡೆಯಿಂದ ರಿಕ್ವೆಸ್ಟ್ ಬಂದ್ರೆ ನೇರ ತಿರಸ್ಕರಿಸಿ.

ಹಂತ 4: ಆಗಾಗ ಕನ್ಸೆಂಟ್ ಪಟ್ಟಿ ತೆಗೆದು, ಬೇಡದ್ದನ್ನ ರಿವೋಕ್ ಮಾಡಿ, ಅಂದ್ರೆ ಕೊಟ್ಟ ಅನುಮತಿ ವಾಪಸ್ ತಗೊಳ್ಳಿ. ಅವ್ರು ಆಗಲೇ ಓದಿರೋದನ್ನ ಓದಿಲ್ಲ ಅನ್ನಿಸೋಕಾಗಲ್ಲ, ಮುಂದಕ್ಕೆ ತೆಗೆಯೋದು ಮಾತ್ರ ನಿಲ್ಲುತ್ತೆ. ಅದಕ್ಕೇ ಹಂತ 3ರಲ್ಲೇ ಬಿಗಿಯಾಗಿರಿ ಅಂದಿದ್ದು.

ಇಷ್ಟೆಲ್ಲ ಯಾಕೆ, ವಾಟ್ಸಾಪಲ್ಲಿ ಕಳಿಸಿದ್ರೆ ಆಯ್ತಲ್ಲ ಅಂತಾರೆ. ಜೆರಾಕ್ಸ್ ಅಂಗಡಿಗೆ ಪ್ರಿಂಟಿಗೆ ಕಳಿಸಿದ ಎಚ್‌ಐವಿ ರಿಪೋರ್ಟ್ ಆ ಅಂಗಡಿಯವನ ಫೋನಲ್ಲಿ ಎಷ್ಟು ದಿನ ಇರುತ್ತೆ ಅಂತ ಯೋಚ್ನೆ ಮಾಡಿ.

ಇನ್ನು ನಿಮ್ಮ ಡಾಕ್ಟರ ಕ್ಲಿನಿಕ್ ಈ ವ್ಯವಸ್ಥೆಗೆ ಸೇರಿರದೇ ಇರಬಹುದು, ಸಣ್ಣ ಕ್ಲಿನಿಕ್ಕುಗಳು ಎಷ್ಟೋ ಸೇರಿಲ್ಲ. ಆಗ ಕಾಗದದಲ್ಲೇ ಕೇಳಿ. ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮದ ಪ್ರಕಾರ ಅಡ್ಮಿಟ್ ಆದವರ ದಾಖಲೆ 3 ವರ್ಷ ಇಟ್ಟಿರಬೇಕು, ರೋಗಿ ಕೇಳಿದ್ರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ಕೇಳಿದ್ರೆ ನಾಳೆ ಬನ್ನಿ ಅಂತಾರೆ, ಅರ್ಜಿ ಬರೆದುಕೊಟ್ಟು ಅದರ ಇನ್ನೊಂದು ಪ್ರತಿಗೆ ತಾರೀಕಿನ ಸಮೇತ ಸೀಲ್ ಹಾಕಿಸ್ಕೊಳ್ಳಿ.